ಸಂಶಯ ಹುಟ್ಟಿಸಿದ ಸಾಕ್ಷಿ

ಊರಿಗೆ ಹೊರಡುವಾಗ ನಾವು ನೆರೆಮನೆಯವರ ಕೈಗೆ ಬೀಗದ ಕೈ ಕೊಟ್ಟು ಹೋಗುತ್ತೇವೆ. ಅವರ ಪ್ರಾಮಾಣಿಕತೆಗೆ ಪ್ರಮಾಣಪತ್ರವನ್ನೇನೂ ಕೇಳುವುದಿಲ್ಲ. ನಂಬಿಕೆ ಮೊದಲು, ಅದರ ಸಮರ್ಥನೆ ಆಮೇಲೆ. ಲೋಕವ್ಯವಹಾರದ ಕ್ರಮವೇ ಹಾಗೆ. ಆದರೆ ದೇಶವೊಂದು ತನ್ನ ಯುದ್ಧರಹಸ್ಯಗಳನ್ನು ಪರದೇಶದಿಂದ ಬಂದವನ ಕೈಗೆ ಹೀಗೆ ಒಪ್ಪಿಸಬಹುದೆ? ಅದು ಔದಾರ್ಯವೋ ಅವಿವೇಕವೋ? ಚೀನದ ವಿಜ್ಞಾನಿ ಚಿಯೆನ್ ಷ್ಯೂಸೆನ್ ಅವರ ಬಾಳು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

1911ರಲ್ಲಿ ಹುಟ್ಟಿದ ಚಿಯೆನ್ 1935ರಲ್ಲಿ ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೋದರು. ಕ್ಯಾಲಿಫೋರ್ನಿಯದ ತಾಂತ್ರಿಕ ಸಂಸ್ಥೆಯಲ್ಲಿ, ಹಂಗೆರಿಯಿಂದ ಬಂದು ನೆಲೆಸಿದ್ದ ಥಿಯೊಡೋರ್ ಫಾನ್ ಕಾರ್ಮನ್ ಅವರ ಶಿಷ್ಯರಾಗಿ 1939ರಲ್ಲಿ ಡಾಕ್ಟರೇಟ್ ಪಡೆದರು. ಅಲ್ಲಿ ರಾಕೆಟ್ಟಿನ ಹುಚ್ಚು ಹಿಡಿದ ಕೆಲವು ತರುಣರ ಗುಂಪೊಂದಿತ್ತು. ಅವರ ಪ್ರಯೋಗಗಳ ಅಪಾಯವನ್ನು ಕಂಡು ಜನ ಅದಕ್ಕೆ ‘ಆತ್ಮಹತ್ಯೆಯ ದಳ’ವೆಂದು ತಮಾಷೆಯ ಹೆಸರಿಟ್ಟಿದ್ದರು. ಚಿಯೆನ್ ಅದರಲ್ಲೊಬ್ಬರು. ಆ ಗುಂಪಿನ ಕೆಲಸದಿಂದಲೇ ಮುಂದೆ ಪ್ರಸಿದ್ಧವಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯ ಬೆಳೆದು ಬಂತು. 1945ರಲ್ಲಿ ಸೋತ ಜರ್ಮನಿಯ ವಿಜ್ಞಾನಿಗಳನ್ನು ಪ್ರಶ್ನಿಸಲು ಅಮೆರಿಕವು ಈ ಚೀನೀಯನಿಗೆ ತನ್ನ ಕರ್ನಲ್ ಪದವಿಯ ಉಡುಪು ತೊಡಿಸಿ ಕಳುಹಿಸಿತು. 1949ರಲ್ಲಿ ಅವರು ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕಿದರು.

ಮರುವರ್ಷದ ಜೂನ್ ತಿಂಗಳಲ್ಲಿ ಅವರಿಗಿದ್ದ ರಹಸ್ಯ ಕೆಲಸದ ಅನುಮತಿ ರದ್ದಾಯಿತು. 1938ರಲ್ಲಿ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದರೆಂಬುದು ಆರೋಪ. ಅವರು ಅದನ್ನು ನಿರಾಕರಿಸಿದರು. ಅಧಿಕಾರಿಗಳ ಭಯ ಕೇವಲ ಭ್ರಮೆಯೆಂದು ಹೇಳಲಾಗದು. ಇಂಗ್ಲೆಂಡಿನಲ್ಲಿ ಕ್ಲಾಸ್ ಫುಕ್ಸ್ ಅಣುಬಾಂಬಿನ ಗುಟ್ಟನ್ನು ರಷ್ಯಕ್ಕೆ ಕೊಟ್ಟುದಾಗಿ ಒಪ್ಪಿಕೊಂಡದ್ದು ಅದೇ ವರ್ಷ. ಕೊರಿಯದಲ್ಲಿ ಯುದ್ಧ ಹೊತ್ತಿಕೊಂಡದ್ದೂ ಅದೇ ಜೂನಿನಲ್ಲಿ.

ಇಷ್ಟಾದರೂ, ಮುಂದೆ ನಡೆದುದನ್ನು ನ್ಯಾಯವೆನ್ನುವುದು ಕಷ್ಟ. ಅವಮಾನಗೊಂಡ ಚಿಯೆನ್ ಸ್ವದೇಶಕ್ಕೆ ಮರಳಲು ಪೆಟ್ಟಿಗೆ ಕಟ್ಟಿದರು. ಪೆಟ್ಟಿಗೆಗಳನ್ನು ಸರಕಾರ ವಶಪಡಿಸಿಕೊಂಡಿತು. ಗುಪ್ತಲಿಪಿಯೆಂದು ಶಂಕಿಸಿದ ಕಾಗದಗಳು ಲಾಗರಿದಮ್ ಕೋಷ್ಟಕಗಳೆಂದು ಆಮೇಲೆ ಗೊತ್ತಾಯಿತು! ಎರಡು ವಾರದಷ್ಟು ಕಾಲ ಸೆರೆ, 15,000 ಡಾಲರ್ ಜಾಮೀನು, ಆಮೇಲೆ ಐದು ವರ್ಷ ಕಾವಲುಗಣ್ಣಿನ ಕೆಳಗೆ ಬಾಳು. ನೀನು ನಂಬಿಕೆಗೆ ಅರ್ಹನಲ್ಲ, ಆದ್ದರಿಂದ ಕೆಲಸ ಮಾಡಕೂಡದು. ನೀನು ಬಹಳ ಬಲ್ಲವನು, ಆದ್ದರಿಂದ ಹೋಗಕೂಡದು. ಒಬ್ಬ ಮನುಷ್ಯನಿಗೆ ಒಂದೇ ಬಾಯಿಂದ ಈ ಎರಡನ್ನೂ ಹೇಳಿದರೆ ಅವನು ನಿಲ್ಲುವುದೆಲ್ಲಿ?

ಜಿನೀವದಲ್ಲಿ ಎರಡು ದೇಶಗಳ ರಾಯಭಾರಿಗಳ ಮಾತುಕತೆಯಾದ ಮೇಲೆ, 1955ರ ಸೆಪ್ಟೆಂಬರ್ 17ರಂದು ಚಿಯೆನ್ ಹೆಂಡತಿ ಮಕ್ಕಳೊಡನೆ ಹಡಗು ಹತ್ತಿದರು. ಮರುವರ್ಷವೇ ಅವರು ಚೀನದ ಕ್ಷಿಪಣಿ ಸಂಶೋಧನೆಯ ಮುಖ್ಯಸ್ಥರಾದರು. 1966ರಲ್ಲಿ ಚೀನ ಅಣುಸಿಡಿತಲೆಯ ಕ್ಷಿಪಣಿಯನ್ನು ಹಾರಿಸಿತು. 1970ರಲ್ಲಿ ಉಪಗ್ರಹವನ್ನೇ ಮೇಲಕ್ಕೇರಿಸಿತು.

“ನೋಡಿದಿರಾ, ಸಂಶಯಪಟ್ಟದ್ದು ಸರಿಯಾಯಿತು” ಎನ್ನುವವರುಂಟು. ಇದು ಫಲವನ್ನು ಬೀಜವೆಂದು ಕರೆದಂತೆ. ಪೌರತ್ವ ಬೇಡಿ ಬಂದವನನ್ನು ಬಾಗಿಲಾಚೆ ತಳ್ಳಿ, ಅವನು ಆಚೆ ಇದ್ದಾನೆಂಬುದನ್ನೇ ಅಪರಾಧಕ್ಕೆ ಸಾಕ್ಷಿಯಾಗಿ ತೋರಿಸಿದ ಹಾಗಾಯಿತು. ಸ್ವದೇಶಕ್ಕೆ ಮರಳುವುದೇನೂ ದ್ರೋಹವಲ್ಲ. ಅದೇ ಸಂಸ್ಥೆಯಲ್ಲಿ ಅದೇ ಕಾಲದಲ್ಲಿ ಓದಿದ ನಮ್ಮ ಸತೀಶ್ ಧವನ್ 1951ರಲ್ಲಿ ಡಾಕ್ಟರೇಟ್ ಪಡೆದು ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದರು. ಚಿಯೆನ್ ಕೂಡ ಒಂದಲ್ಲ ಒಂದು ದಿನ ಹಾಗೆಯೇ ಹೋಗುತ್ತಿದ್ದರೇನೋ. ಇನ್ನೊಬ್ಬರ ಅಂತರಂಗ ನಮ್ಮ ಕೈಯಲ್ಲಿಲ್ಲ. ಅವರೊಡನೆ ನಾವು ನಡೆದುಕೊಳ್ಳುವ ರೀತಿ ಮಾತ್ರ ನಮ್ಮದು. ಎಚ್ಚರಿಕೆ ಬೇರೆ, ಅವಮಾನ ಬೇರೆ. ರಹಸ್ಯದ ಕಪಾಟಿಗೆ ಬೀಗ ಹಾಕಬಹುದು. ಅತಿಥಿಯ ಜೇಬನ್ನು ದಿನವೂ ತಡಕಬೇಕಾಗಿಲ್ಲ.

ಕತೆ ಇಲ್ಲಿಗೇ ಮುಗಿದಿದ್ದರೆ ನೀತಿ ಸುಲಭವಾಗುತ್ತಿತ್ತು. ಸ್ವದೇಶ ಅವರನ್ನು ನಂಬಿತು, ಗೌರವಿಸಿತು. ಆದರೆ 1957ರಲ್ಲಿ ಅಲ್ಲಿ ಸರಕಾರವನ್ನು ಟೀಕಿಸಿದ ವಿದ್ಯಾವಂತರನೇಕರು ಶಿಕ್ಷೆಗೊಳಗಾಗಿದ್ದರು. 1958ರಲ್ಲಿ, ಬೆಳೆಯನ್ನು ಹಲವಾರು ಪಟ್ಟು ಹೆಚ್ಚಿಸುತ್ತೇವೆಂಬ ಘೋಷಣೆಗಳ ನಡುವೆ, ಸೂರ್ಯನ ಶಕ್ತಿಯ ಲೆಕ್ಕ ಹಾಕಿ ಅದು ಸಾಧ್ಯವೆಂದು ಚಿಯೆನ್ ಪತ್ರಿಕೆಯಲ್ಲಿ ಬರೆದರು. ಆಮೇಲಿನ ವರ್ಷಗಳ ಕ್ಷಾಮದಲ್ಲಿ ಕೋಟಿಗಟ್ಟಲೆ ಜನ ಸತ್ತರು. ಕ್ಷಾಮಕ್ಕೆ ಆ ಲೇಖನ ಕಾರಣವಲ್ಲ ನಿಜ. ಆದರೆ ಗದ್ದೆಯ ರೈತನಿಗೆ ಗೊತ್ತಿದ್ದುದನ್ನು ಹೇಳುವ ಬದಲು ಪಂಡಿತನೊಬ್ಬ ಆಳುವವರಿಗೆ ಪ್ರಿಯವಾದುದನ್ನು ಹೇಳಿದನೆಂಬ ನೋವು ಉಳಿಯುತ್ತದೆ. “ಇಲ್ಲ” ಎನ್ನುವ ಬಾಯಿಯನ್ನು ಸಹಿಸದ ನಂಬಿಕೆಯೂ ಸಂಶಯದ ಇನ್ನೊಂದು ರೂಪವೇ ಅಲ್ಲವೆ?

ಚಿಯೆನ್ ಮತ್ತೆ ಅಮೆರಿಕದ ನೆಲ ತುಳಿಯಲಿಲ್ಲ. 2009ರಲ್ಲಿ, 97ರ ವಯಸ್ಸಿನಲ್ಲಿ ತೀರಿಕೊಂಡರು. ಬೀಗದ ಕೈ ಕೊಟ್ಟು ಹೋದವರು ಹಿಂದಿರುಗಿದಾಗ ಒಳ್ಳೆಯ ನೆರೆಯವನು, “ನಿಮ್ಮ ಹಿತ್ತಲ ಗೋಡೆ ಬಿರುಕು ಬಿಟ್ಟಿದೆ” ಎಂದು ಅಂಜದೆ ಹೇಳುತ್ತಾನೆ. ಹಾಗೆ ಹೇಳಬಲ್ಲವನನ್ನು ಸಂಪಾದಿಸುವುದು ಮನೆಗೂ ಕಷ್ಟ, ದೇಶಕ್ಕೂ ಕಷ್ಟ. ಒಂದು ದೇಶ ಅವರಿಗೆ ಕೊಟ್ಟಿದ್ದ ಬೀಗದ ಕೈಯನ್ನು ಕಿತ್ತುಕೊಂಡಿತು. ಇನ್ನೊಂದು ಕೊಟ್ಟಿತು, ಬಿರುಕಿನ ಮಾತನ್ನು ಮಾತ್ರ ಕೇಳಲೊಲ್ಲದು.