ತೀರ್ಥವೆಂದರೆ ದಾಟುವ ಜಾಗ

ತೀರ್ಥವೆಂದರೆ ಹೊಳೆ ದಾಟುವ ಜಾಗ. ಸಂಸಾರಸಾಗರ ದಾಟುವ ದಾರಿ ತೋರಿದವರೇ ತೀರ್ಥಂಕರರು. ಮಲಪ್ರಭೆ ಗುಡ್ಡ ಸೀಳಿದ ನವಿಲುತೀರ್ಥದ ಹತ್ತಿರದ ಸವದತ್ತಿಯೇ ಹಿಂದಿನ ಸುಗಂಧವರ್ತಿ. ಅಲ್ಲಿ ರಟ್ಟರ ಶಾಂತಿವರ್ಮನು ಜಿನಾಲಯ ಕಟ್ಟಿಸಿ, ಕ್ರಿ.ಶ. 980ರಲ್ಲಿ 150 ಮತ್ತರು ಭೂಮಿ ಬಿಟ್ಟನು. ತಾಯಿ ನಿಜಿಯಬ್ಬೆಯೂ ಅಷ್ಟೇ ಬಿಟ್ಟಳೆಂದು ಶಾಸನ ಹೇಳುತ್ತದೆ. ಇಂದು ಗೇಣು ಬದುವಿಗಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ, ಆಮೇಲೆ ಶಾಂತಿ ಕೊಡು ಅಂತ ಬಸದಿಗೆ ಬರುತ್ತಾರೆ!

ದಿಗಂಬರ ಮುನಿಗಳ ಕೈಯಲ್ಲಿನ ಪಿಂಛಿ ನೋಡಿರಿ. ನವಿಲು ತಾನಾಗಿ ಉದುರಿಸಿದ ಗರಿಗಳಿಂದಲೇ ಅದನ್ನು ಕಟ್ಟುತ್ತಾರೆ. ಕೂಡುವ ಮುನ್ನ ಇರುವೆಗೂ ನೋವಾಗದಂತೆ ನೆಲ ಸವರುತ್ತಾರೆ. ನವಿಲು ಗರಿ ಬಿಟ್ಟಂತೆ, ಭಕ್ತರು ಚಪ್ಪಲಿಯೊಡನೆ ಒಂದು ವೈರವನ್ನೂ ಬಸದಿಯ ಹೊರಗೆ ಬಿಡಬೇಕು. ಮರಳುವಾಗ ಚಪ್ಪಲಿ ಮಾತ್ರ ಮೆಟ್ಟಿಕೊಳ್ಳಬೇಕು. ಊರು ಮುಟ್ಟಿ ತಮ್ಮನ ಬಾಗಿಲು ತಟ್ಟಿದಾಗಲೇ ಯಾತ್ರೆ ಪೂರ್ತಿ. ಜೈ ಜಿನೇಂದ್ರ.