ಚಪ್ಪರ ಯಾರದು, ಬಳ್ಳಿ ಯಾರದು?

ಬಾಡಿಗೆ ಮನೆಯಲ್ಲಿ ವಾಸಿಸುವ ಕುಟುಂಬವೊಂದು ಅಂಗಳದಲ್ಲಿ ಮಲ್ಲಿಗೆಯ ಬಳ್ಳಿಯನ್ನು ನೆಟ್ಟಿತೆಂದು ಭಾವಿಸೋಣ. ನೆಲವೂ ಚಪ್ಪರವೂ ಮನೆಯೊಡೆಯನವು. ನೀರೆರೆದು ಬೆಳೆಸಿದ ಕೈಗಳು ಬಾಡಿಗೆದಾರರವು. ಹಲವು ವರ್ಷಗಳ ಬಳಿಕ ಒಂದು ಮುಂಜಾನೆ ಒಡೆಯನು ಬಂದು, ಯಾರನ್ನೂ ಕೇಳದೆ ಬಳ್ಳಿಯನ್ನು ಬುಡಸಮೇತ ಕಿತ್ತುಹಾಕುತ್ತಾನೆ. ನೆಲ ತನ್ನದೆಂಬ ಉತ್ತರ ಅವನಲ್ಲಿ ಸಿದ್ಧವಾಗಿದೆ. ಆದರೆ ಪ್ರಿಯ ಓದುಗರೇ, ಅಷ್ಟರಿಂದಲೇ ನಿಮ್ಮ ಅಂತಃಸಾಕ್ಷಿಗೆ ಸಮಾಧಾನವಾಗುವುದೇ?

ಈ ಹಳೆಯ ಪ್ರಶ್ನೆ ಅಂತರಜಾಲದ ಲೋಕದಲ್ಲಿ ಹೊಸ ರೂಪ ತಳೆದಿದೆ. ಅಭಿಮಾನಿ ಬಳಗವೆಂದೊಡನೆ ನಮ್ಮ ಕಣ್ಣೆದುರು ಬರುವುದು ಚಿತ್ರಮಂದಿರದ ಮುಂದಿನ ಕಟೌಟು ಮತ್ತು ಹೂಮಾಲೆ. ಆದರೆ ಅಮೆರಿಕ, ಯೂರೋಪುಗಳಲ್ಲಿ ಬಹುಕಾಲದಿಂದ ಮತ್ತೊಂದು ಬಗೆಯ ಅಭಿಮಾನಿಗಳಿದ್ದಾರೆ. ತಾವು ಮೆಚ್ಚಿದ ಕಾದಂಬರಿ ಅಥವಾ ಧಾರಾವಾಹಿಯ ಪಾತ್ರಗಳನ್ನು ಮುಂದುವರಿಸಿ ಅವರು ತಾವೇ ಕಥೆ ಬರೆಯುತ್ತಾರೆ, ಚಿತ್ರ ಬಿಡಿಸುತ್ತಾರೆ, ಒಬ್ಬರ ಬರಹವನ್ನು ಇನ್ನೊಬ್ಬರು ತಿದ್ದುತ್ತಾರೆ. ಇದಕ್ಕೆ ಅವರು ಸಾಮಾನ್ಯವಾಗಿ ಹಣ ಪಡೆಯುವುದಿಲ್ಲ. ಓದುವವರೇ ಬರೆಯುವವರೂ ಆಗಿರುವ ಈ ಸಮುದಾಯಕ್ಕೆ ಸೇರಲು ಒಂದು ಸ್ಥಳ ಬೇಕಿತ್ತು. 1999ರಲ್ಲಿ ಆರಂಭಗೊಂಡ ಲೈವ್‌ಜರ್ನಲ್ ಎಂಬ ಜಾಲತಾಣ ಅಂಥದೊಂದು ಸ್ಥಳವಾಯಿತು. 2005ರಲ್ಲಿ ಸಿಕ್ಸ್ ಅಪಾರ್ಟ್ ಎಂಬ ಕಂಪನಿ ಅದನ್ನು ಕೊಂಡುಕೊಂಡಿತು.

2007ರ ಮೇ ತಿಂಗಳ ಕೊನೆಯಲ್ಲಿ, ಆ ತಾಣದ ಸುಮಾರು 500 ಖಾತೆಗಳು ಹಠಾತ್ತನೆ ಮುಚ್ಚಲ್ಪಟ್ಟವು. ಮುಚ್ಚಿದ ಖಾತೆಯ ಹೆಸರಿನ ಮೇಲೆ ಅಡ್ಡಗೆರೆಯೊಂದು ಕಾಣಿಸುತ್ತಿತ್ತು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಈ ತಾಣದಲ್ಲಿ ಆಸರೆ ದೊರೆಯುತ್ತಿದೆ ಎಂದು ಹೊರಗಿನ ಗುಂಪೊಂದು ದೂರಿತ್ತು. ಬಳಕೆದಾರರು ತಮ್ಮ ಪರಿಚಯದ ಪುಟದಲ್ಲಿ ಆಸಕ್ತಿಯ ವಿಷಯಗಳನ್ನು ಪಟ್ಟಿ ಮಾಡುವ ವ್ಯವಸ್ಥೆ ಅಲ್ಲಿತ್ತು. ಕಂಪನಿಯು ಆ ಪಟ್ಟಿಯ ಪದಗಳನ್ನು ನೋಡಿಯೇ ತೀರ್ಮಾನಕ್ಕೆ ಬಂದಿತು. ಪರಿಣಾಮವೇನು? ಅಭಿಮಾನಿಗಳ ಕಥೆಗಳ ಪುಟಗಳು ಮುಚ್ಚಿದವು. ಕಾದಂಬರಿಯೊಂದರ ಚರ್ಚಾಕೂಟ ಮುಚ್ಚಿತು. ದೌರ್ಜನ್ಯಕ್ಕೆ ಸ್ವತಃ ಬಲಿಯಾಗಿ, ಪರಸ್ಪರ ಸಾಂತ್ವನಕ್ಕಾಗಿ ಕೂಡಿಕೊಂಡಿದ್ದವರ ಗುಂಪುಗಳೂ ಮುಚ್ಚಿಹೋದವು. ತಮ್ಮ ಗಾಯವನ್ನು ಹೆಸರಿಟ್ಟು ಕರೆದುದೇ ಅವರ ಅಪರಾಧವೆಂದು ಎಣಿಸಲ್ಪಟ್ಟಿತು.

ಇಲ್ಲಿ ನಾವು ಆತುರದಿಂದ ಪಕ್ಷ ವಹಿಸಬಾರದು. ಮಕ್ಕಳ ರಕ್ಷಣೆ ಸಣ್ಣ ವಿಷಯವಲ್ಲ. ಹೆತ್ತವರಾದ ನಿಮಗೆ ಅದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ತನ್ನ ಮನೆಯಲ್ಲಿ ಕೇಡು ನಡೆಯುತ್ತಿದೆಯೆಂಬ ದೂರು ಬಂದಾಗ ಒಡೆಯನು ಕೈಕಟ್ಟಿ ಕೂರಬಾರದು. ಕಂಪನಿಯ ತಪ್ಪು ದೂರಿಗೆ ಕಿವಿಗೊಟ್ಟುದರಲ್ಲಿ ಇರಲಿಲ್ಲ. ಇನ್ನೊಂದು ಕಡೆಗೆ ಕಿವಿಗೊಡದೆ ಇದ್ದುದರಲ್ಲಿತ್ತು. ಪದವನ್ನು ನೋಡಿತು, ಆ ಪದವನ್ನಾಡಿದ ಮನುಷ್ಯರನ್ನು ನೋಡಲಿಲ್ಲ. ಮೇ 31ರಂದು ಕಂಪನಿಯ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೋರಿದರು. ಅನೇಕ ಖಾತೆಗಳು ಮರಳಿ ತೆರೆದವು. ಆದರೆ ಒಮ್ಮೆ ಮುರಿದ ನಂಬಿಕೆ ಅಷ್ಟು ಬೇಗ ಕೂಡಿಕೊಳ್ಳಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಲೈವ್‌ಜರ್ನಲ್ ರಷ್ಯಾದ ಕಂಪನಿಯೊಂದಕ್ಕೆ ಮಾರಾಟವಾಯಿತು. ಒಡೆಯ ಬದಲಾದ, ಬಾಡಿಗೆದಾರರ ಸ್ಥಿತಿ ಬದಲಾಗಲಿಲ್ಲ.

"ಉಚಿತವಾಗಿ ಜಾಗ ಕೊಟ್ಟವರನ್ನು ಪ್ರಶ್ನಿಸುವ ಹಕ್ಕು ಇವರಿಗೆಲ್ಲಿಯದು?" ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಆ ಜಾಗ ನಿಜವಾಗಿಯೂ ಉಚಿತವಾಗಿತ್ತೇ? ಬರಿದಾದ ತಾಣಕ್ಕೆ ಜಾಹೀರಾತುದಾರನು ಹಣ ಕೊಡುವುದಿಲ್ಲ. ಜನರು ಬರೆದುದರಿಂದ ಓದುಗರು ಬಂದರು. ಓದುಗರು ಬಂದುದರಿಂದ ತಾಣಕ್ಕೆ ಬೆಲೆ ಬಂದಿತು. ಬಾಡಿಗೆಯನ್ನು ನಾಣ್ಯದಲ್ಲಲ್ಲ, ಶ್ರಮದಲ್ಲಿ ಸಲ್ಲಿಸಲಾಗಿತ್ತು. ಅಲ್ಲದೆ, ಒಂದು ವಸ್ತುವಿನ ಮೇಲಿರುವ ಒಡೆತನ ಬೇರೆ, ಆ ವಸ್ತುವನ್ನು ಆಶ್ರಯಿಸಿದ ಜನರ ಬಗೆಗಿನ ಹೊಣೆ ಬೇರೆ. ಸಭಾಂಗಣವನ್ನು ಕೊಂಡವನು ಗೋಡೆಗಳನ್ನು ಕೊಂಡಿದ್ದಾನೆ. ಅಲ್ಲಿ ಸೇರಿದ ಸಭೆಯನ್ನು ಕೊಂಡಿಲ್ಲ.

ಸೂಚನೆ ಕೊಟ್ಟ ಮಾತ್ರಕ್ಕೆ ಈ ಹೊಣೆ ತೀರುವುದೇ? ಜಿಯೋಸಿಟೀಸ್ ಎಂಬ ತಾಣದಲ್ಲಿ ಲಕ್ಷಾಂತರ ಜನರು ತಮ್ಮ ಪುಟಗಳನ್ನು ಕಟ್ಟಿಕೊಂಡಿದ್ದರು. ಅವುಗಳಲ್ಲಿ ಅಭಿಮಾನಿಗಳ ಪುಟಗಳೂ ಬಹಳ. ಅದರ ಒಡೆಯನಾಗಿದ್ದ ಯಾಹೂ, ತಿಂಗಳುಗಳ ಮೊದಲೇ ತಿಳಿಸಿ, 2009ರ ಅಕ್ಟೋಬರ್ 26ರಂದು ಅಮೆರಿಕದಲ್ಲಿ ಅದನ್ನು ಮುಚ್ಚಿತು. ಸ್ವಯಂಸೇವಕರು ಹಗಲಿರುಳು ಶ್ರಮಿಸಿ ಬಹಳಷ್ಟನ್ನು ಪ್ರತಿ ಮಾಡಿಟ್ಟರಾದರೂ ಎಲ್ಲವೂ ಉಳಿಯಲಿಲ್ಲ. ಸೂಚನೆ ಕೊಟ್ಟುದು ಒಳ್ಳೆಯದೇ. ಆದರೆ ತೀರಿಹೋದವರು ಸೂಚನೆಯನ್ನು ಓದಲಾರರು.

2007ರ ಆ ವರ್ಷದಲ್ಲಿಯೇ ಅಭಿಮಾನಿಗಳು ಗೊಣಗುವುದನ್ನು ಬಿಟ್ಟು ಬೇರೊಂದು ದಾರಿ ಹಿಡಿದರು. ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದನ್ನು ಸ್ಥಾಪಿಸಿ, ಸ್ವಂತ ಸರ್ವರುಗಳನ್ನು ಕೊಂಡು, ತಾವೇ ತಂತ್ರಾಂಶ ಬರೆದು, 2009ರ ನವೆಂಬರ್‌ನಲ್ಲಿ 'ಆರ್ಕೈವ್ ಆಫ್ ಅವರ್ ಓನ್' ಎಂಬ ಸಂಗ್ರಹವನ್ನು ಸಾರ್ವಜನಿಕರಿಗೆ ತೆರೆದರು. ನಮ್ಮದೇ ಆದ ಸಂಗ್ರಹ ಎಂಬುದು ಆ ಹೆಸರಿನ ಅರ್ಥ. ಅಲ್ಲಿ ಜಾಹೀರಾತಿಲ್ಲ. ಖರ್ಚು ನಡೆಯುವುದು ದೇಣಿಗೆಯಿಂದ, ಕೆಲಸ ನಡೆಯುವುದು ಸ್ವಯಂಸೇವಕರಿಂದ. ಆಡಳಿತ ಮಂಡಳಿಯನ್ನು ಸದಸ್ಯರೇ ಚುನಾಯಿಸುತ್ತಾರೆ. ಇಂದು ಅಲ್ಲಿ ಒಂದು ಕೋಟಿಗೂ ಮಿಕ್ಕಿ ಕೃತಿಗಳಿವೆ. 2019ರಲ್ಲಿ ವೈಜ್ಞಾನಿಕ ಕಥಾಸಾಹಿತ್ಯ ಕ್ಷೇತ್ರದ ಪ್ರತಿಷ್ಠಿತ ಹ್ಯೂಗೋ ಪ್ರಶಸ್ತಿಯೂ ಅದಕ್ಕೆ ಸಂದಿತು.

ಆದರೆ ಸ್ವಂತ ಮನೆ ಕಟ್ಟಿದ ಮಾತ್ರಕ್ಕೆ ಪ್ರಶ್ನೆಗಳು ಮುಗಿಯುವುದಿಲ್ಲ. ಅವು ದಿಕ್ಕು ಬದಲಿಸುತ್ತವೆ. ಮಕ್ಕಳು ಓದಬಾರದ ಬರಹಗಳೂ ಅಲ್ಲಿವೆ. ಬರೆದವರೇ ಎಚ್ಚರಿಕೆಯ ಗುರುತು ಹಾಕುವ ಪದ್ಧತಿಯಿದೆಯಾದರೂ ಅದಷ್ಟೇ ಸಾಕೇ ಎಂಬ ವಾದ ಇನ್ನೂ ನಿಂತಿಲ್ಲ. ಜನಾಂಗದ ಕಾರಣಕ್ಕೆ ನೋವುಂಡವರು ತಮ್ಮ ದೂರಿಗೆ ಬೆಲೆಯಿಲ್ಲವೆಂದು 2020ರಲ್ಲಿ ಆಕ್ಷೇಪಿಸಿದರು. ನಿನ್ನೆಯ ಬಾಡಿಗೆದಾರರು ಇಂದು ಒಡೆಯರಾಗಿದ್ದಾರೆ. ನಿನ್ನೆ ಅವರು ಯಾವ ಕಿವಿಗಾಗಿ ಹಂಬಲಿಸಿದ್ದರೋ, ಇಂದು ಅದೇ ಕಿವಿಯನ್ನು ಇತರರು ಅವರಲ್ಲಿ ಹುಡುಕುತ್ತಿದ್ದಾರೆ.

ಈ ಕಥೆ ದೂರದ ದೇಶದ್ದೆಂದು ಬದಿಗಿಡಬೇಡಿ. ನಿಮ್ಮ ಮಗಳ ಮದುವೆಯ ಚಿತ್ರಗಳು, ವಿದೇಶದಲ್ಲಿರುವ ಮಗನ ಸಂದೇಶಗಳು, ಅಗಲಿದ ತಾಯಿಯ ಧ್ವನಿ ಇವೆಲ್ಲವೂ ಇಂದು ಯಾರ ಚಪ್ಪರದ ಮೇಲೆ ಹಬ್ಬಿವೆ? ಅವುಗಳ ಪ್ರತಿಯೊಂದನ್ನು ಮನೆಯಲ್ಲಿ ಇರಿಸಿಕೊಳ್ಳುವುದು ವಿವೇಕ. ಆದರೆ ವಿವೇಕವೊಂದೇ ಸಾಲದು. ನಾವೂ ಎಲ್ಲೋ ಒಂದೆಡೆ ಒಡೆಯರೇ. ಅಂಗಡಿಯ ಮಾಳಿಗೆಯೋ, ಸಂಘದ ಕೊಠಡಿಯೋ, ಕುಟುಂಬದ ವಾಟ್ಸಾಪ್ ಗುಂಪೋ, ಯಾವುದಾದರೊಂದರ ಕೀಲಿಕೈ ನಮ್ಮ ಕೈಯಲ್ಲಿದೆ. ಅಲ್ಲಿ ಇತರರು ನೆಟ್ಟು ಬೆಳೆಸಿದ ಬಳ್ಳಿಗಳಿವೆ. ಬಾಗಿಲು ಮುಚ್ಚುವ ಹಕ್ಕು ನಮಗಿರಬಹುದು. ಮುಚ್ಚುವ ಮುನ್ನ ಒಳಗಿರುವವರ ಮಾತನ್ನು ಕೇಳಿದೆವೇ? ಈ ಪ್ರಶ್ನೆಗೆ ಉತ್ತರವನ್ನು ಕಂಪನಿಗಳಿಂದ ಬಯಸುವ ನಾವು, ಮೊದಲು ನಮ್ಮ ಅಂಗಳದಲ್ಲಿಯೇ ಅದನ್ನು ಕೇಳಿಕೊಳ್ಳೋಣ.