ವೃದ್ಧಿಯೂ ಉತ್ಸರ್ಗವೂ

ವಸ್ತುವೊಂದು ಹಿಗ್ಗಿದ ಮಾತ್ರಕ್ಕೆ ಬೆಳೆಯಿತೆನ್ನಬಹುದೇ? ವಿಸ್ತಾರವನ್ನೇ ವೃದ್ಧಿಯೆಂದು ಎಣಿಸುವುದು ಲೋಕದ ವಾಡಿಕೆ. ಆಕಾಶದ ಗ್ರಹೀಯ ನೀಹಾರಿಕೆಗಳನ್ನು ವಿಚಾರಿಸಿದರೆ ಈ ಎಣಿಕೆ ನಿಲ್ಲಲಾರದು.

ಇವಕ್ಕೂ ಗ್ರಹಗಳಿಗೂ ಸಂಬಂಧವಿಲ್ಲ. ದೂರದರ್ಶಕದಲ್ಲಿ ಗ್ರಹಬಿಂಬದಂತೆ ತೋರಿದುದರಿಂದ ಹದಿನೆಂಟನೆಯ ಶತಮಾನದಲ್ಲಿ ವಿಲಿಯಂ ಹರ್ಷೆಲನು ಈ ಹೆಸರಿಟ್ಟನು. 1864ರಲ್ಲಿ ವಿಲಿಯಂ ಹಗಿನ್ಸನು ಇಂತಹದೊಂದರ ಬೆಳಕನ್ನು ವಿಭಜಿಸಿ ನೋಡಿ, ಅದು ಅನಿಲವೆಂದು ಕಂಡುಕೊಂಡನು. ಸೂರ್ಯನಂತಹ ನಕ್ಷತ್ರವು ಮುಪ್ಪಿನಲ್ಲಿ ತನ್ನ ಹೊರಮೈಯನ್ನು ಮೆಲ್ಲನೆ ಕಳಚುತ್ತದೆ. ಬಳಿಕ ಬಯಲಾದ ಬಿಸಿಯ ಒಡಲಿನಿಂದ ಸೆಕೆಂಡಿಗೆ 1000 ಕಿಲೋಮೀಟರನ್ನೂ ಮೀರುವ ತೆಳುಗಾಳಿಯು ಹೊರಟು, ಮೊದಲು ಬಿಟ್ಟ ಅನಿಲವನ್ನು ಹಿಂದಿನಿಂದ ನೂಕುತ್ತದೆ. ಅದರ ಅತಿನೇರಳೆ ಕಿರಣಗಳು ಆ ಅನಿಲವನ್ನು ಕಾಯಿಸಿ ಬೆಳಗಿಸುತ್ತವೆ. ಆದುದರಿಂದ ಮೊದಲಿಗೆ ಸೆಕೆಂಡಿಗೆ ಸುಮಾರು 10 ಕಿಲೋಮೀಟರಿನಂತೆ ಸರಿಯುತ್ತಿದ್ದುದು, ದೊಡ್ಡದಾಗುತ್ತ 20, 30 ಕಿಲೋಮೀಟರಿನ ವೇಗವನ್ನು ಪಡೆಯುತ್ತದೆ. ಆದರೆ ಹಿಗ್ಗಿದಷ್ಟೂ ತೆಳುವಾಗಿ, ಕೆಲವು ಹತ್ತು ಸಾವಿರ ವರ್ಷಗಳಲ್ಲಿ ಕಣ್ಮರೆಯಾಗುತ್ತದೆ. ನಕ್ಷತ್ರದ ದ್ರವ್ಯವು ಹೆಚ್ಚಲಿಲ್ಲ, ಹರಡಿತಷ್ಟೆ.

ಹಾಗಾದರೆ ಇದು ನಾಶವೇ? ಅಲ್ಲ. ಕಣ್ಣಿನ ಎಲ್ಲೆಯೇ ವಸ್ತುವಿನ ಎಲ್ಲೆಯಲ್ಲ. 2015ರಲ್ಲಿ ಗಗನಕ್ಕೇರಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕದಿಂದ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಚಿಟ್ಟೆ ನೀಹಾರಿಕೆಯನ್ನು ನೋಡಿದಾಗ, ಸಾಮಾನ್ಯ ಬೆಳಕಿನಲ್ಲಿ ಕಾಣದ ಅನಿಲವು ಅದರ ಹೊರಗೆ ಬಹುದೂರ ಹಬ್ಬಿರುವುದು ತಿಳಿದುಬಂದಿತು. ಹೀಗೆ ಹೋದ ಇಂಗಾಲ, ಸಾರಜನಕಗಳು ಅಂತರಿಕ್ಷದಲ್ಲಿ ಬೆರೆತು ಮುಂದಣ ನಕ್ಷತ್ರಗಳಿಗೂ ಗ್ರಹಗಳಿಗೂ ದ್ರವ್ಯವಾಗುತ್ತವೆ.

ಇದನ್ನು ದಾನವೆನ್ನಬಹುದೇ? ದಾನಕ್ಕೆ ಕೊಡುವವನ ತ್ಯಾಗವೂ ಕೊಳ್ಳುವವನ ಸ್ವೀಕಾರವೂ ಬೇಕೆಂದು ಧರ್ಮಶಾಸ್ತ್ರಜ್ಞರ ಮತ. ಇಲ್ಲಿ ಕೊಳ್ಳುವವನಿಲ್ಲ. ಆದರೆ ಶಾಸ್ತ್ರದಲ್ಲಿ ಉತ್ಸರ್ಗವೆಂಬ ಇನ್ನೊಂದು ವಿಧವುಂಟು. ಕೆರೆಯನ್ನು ಕಟ್ಟಿಸಿದವನು ಅದರ ನೀರನ್ನು ಸರ್ವಭೂತಗಳಿಗೂ ಬಿಟ್ಟುಕೊಡುವನು. ಕುಡಿಯುವವರು ಯಾರೆಂದು ವಿಚಾರಿಸುವುದಿಲ್ಲ. ಹೊಸಕೆರೆಹಳ್ಳಿಯಂತಹ ಊರುಗಳ ಹೆಸರಿನಲ್ಲಿಯೇ ಕೆರೆಯಿರುವುದು ಇದರ ಹಿರಿಮೆಯನ್ನು ಸಾರುತ್ತದೆ.

ನಕ್ಷತ್ರಕ್ಕೆ ಸಂಕಲ್ಪವೆಲ್ಲಿಯದು ಎಂದರೆ, ಆ ಆಕ್ಷೇಪವು ಸರಿಯೇ. ಅದು ಹಿಡಿದಿಟ್ಟುಕೊಳ್ಳಲಾರದೆ ಬಿಟ್ಟಿತು. ಆದುದರಿಂದ ಅದಕ್ಕೆ ಪುಣ್ಯವೂ ಇಲ್ಲ. ಮನುಷ್ಯನಾದರೋ ಹಿಡಿದಿಟ್ಟುಕೊಳ್ಳಬಲ್ಲನು. ಆದಕಾರಣವೇ ಅವನು ಬಿಡುವುದು ಧರ್ಮವೆನಿಸುತ್ತದೆ. ಮಗನ ಕೈಗೆ ಬೀಗದ ಕೈಯನ್ನು ಕೊಟ್ಟು, ದಿನವೂ ಲೆಕ್ಕ ಕೇಳುತ್ತ ಕುಳಿತ ಹಿರಿಯನು ಕೊಟ್ಟಂತಾಗಲಿಲ್ಲ. ಬಿಟ್ಟುದನ್ನು ಹಿಂದಕ್ಕೆಳೆಯದೆ, ತನ್ನಲ್ಲಿ ಬೆಳಕಿರುವವರೆಗೆ ಅದನ್ನು ಬೆಳಗಿಸುವವನೇ ಕೊಟ್ಟವನು. ಅವನ ಗಾತ್ರವು ಕುಗ್ಗಿದರೂ ವೃದ್ಧಿಯು ಅವನದೇ.